ಗೊತ್ತಿದ್ದೂ ನುಂಗುವ ಗುಳಿಗೆ

ಮಗು ಎಡವಿ ಬಿದ್ದರೆ ನಮ್ಮಲ್ಲಿ ಮೊದಲು ಏಟು ತಿನ್ನುವುದು ನೆಲ. "ನನ್ನ ಬಂಗಾರೀನ ಬೀಳಿಸ್ತೀಯಾ? ತಗೋ! ಇನ್ನೊಂದು ತಗೋ!" ಎಂದು ಅಜ್ಜಿ ಕೆಂಪು ನೆಲಕ್ಕೆ ರಪರಪ ಬಾರಿಸುತ್ತಾರೆ. ಆಮೇಲೆ ಮಂಡಿಗೆ ‘ಉಫ್’ ಎಂದು ಊದುತ್ತಾರೆ. ಅಳು ಬಿಕ್ಕಳಿಕೆಗಿಳಿದು, ಬಿಕ್ಕಳಿಕೆ ಚಕ್ಕುಲಿಗಿಳಿದು, ಪ್ರಕರಣ ಮುಕ್ತಾಯವಾಗುತ್ತದೆ. ಎರಡು ವರ್ಷದ ಮಗು ನೆಲದ್ದೇ ತಪ್ಪು ಎಂದು ನಂಬಿದ್ದರೂ ನಂಬಿರಬಹುದು. ಐದು ವರ್ಷದ ಮಗುವಿನ ಮಾತು ಬೇರೆ. ನೆಲ ನಿರಪರಾಧಿ ಎಂದು ಅದಕ್ಕೆ ಗೊತ್ತು. ಅದು ಅಜ್ಜಿಗೂ ಗೊತ್ತಿದೆ ಎಂಬುದೂ ಗೊತ್ತು. ಆದರೂ ಏಟು ಬೀಳುವವರೆಗೆ ಕಾಯುತ್ತದೆ. ಅಜ್ಜಿ ಮರೆತರೆ ಬೆರಳು ಮಾಡಿ ನೆಲ ತೋರಿಸುತ್ತದೆ. ಈ ಚಿಕಿತ್ಸೆಯಲ್ಲಿ ಮೋಸ ಹೋದವರು ಯಾರೂ ಇಲ್ಲ, ನೋವು ಮಾತ್ರ ಕಮ್ಮಿಯಾಗಿದೆ.

ಮಂಡಿಯ ಮಾತು ಬಂದದ್ದರಿಂದ ಬೆಂಗಳೂರಿನ ನಮ್ಮ ಗವಿಪುರದ ಮಾತು ಬಂದ ಹಾಗೇ ಆಯಿತು. ನಮ್ಮ ಬಡಾವಣೆಯಲ್ಲಿ ಮಂಡಿಗೆ ಬಿಡುವಿಲ್ಲ. ಬುಲ್ ಟೆಂಪಲ್ ರಸ್ತೆಯಿಂದ ಬಂದರೆ ಇಳಿಜಾರು, ಕೆಂಪಾಂಬುಧಿ ಕೆರೆಯ ಕಡೆಯಿಂದ ಬಂದರೆ ಏರು. ಹರಿಹರೇಶ್ವರ ಗುಡ್ಡದ ಮೇಲಿದ್ದಾನೆ, ಹತ್ತಬೇಕು. ಗಂಗಾಧರೇಶ್ವರ ಗವಿಯಲ್ಲಿದ್ದಾನೆ, ಇಳಿಯಬೇಕು. ಅವನ ಸುತ್ತ ಪ್ರದಕ್ಷಿಣೆ ಬರಬೇಕೆಂದರೆ ತಲೆಗೆ ಬಂಡೆ ತಾಗದಂತೆ ನಡು ಬಗ್ಗಿಸಿ ನಡೆಯಬೇಕು. ಸಮತಟ್ಟಾದ ಜಾಗದಲ್ಲಿ ನೆಲೆ ನಿಂತ ದೇವರು ನಮ್ಮ ಪಾಲಿಗೆ ಬರಲಿಲ್ಲ. ಹಾಗಾಗಿ ಇಲ್ಲಿ ಬೆಳಗಿನ ವಾಕಿಂಗಿನಲ್ಲಿ ಎದುರಾದವರ ಯೋಗಕ್ಷೇಮ ವಿಚಾರಿಸುವುದೆಂದರೆ ಮಂಡಿಯ ಯೋಗಕ್ಷೇಮ ವಿಚಾರಿಸುವುದು.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಹಿರಿಯರು ನನ್ನ ಸೋದರತ್ತೆ. ಎಂಬತ್ತು ದಾಟಿದೆ. ಹಿಂದೊಮ್ಮೆ ಬಿಸ್ಕತ್ತು ತುಂಬಿಕೊಂಡು ಬಂದಿದ್ದ ತಗಡಿನ ಡಬ್ಬಿಯೊಂದು ಅವರ ಔಷಧಾಲಯ. ಅದರಲ್ಲಿ ಅಮೃತಾಂಜನ, ಝಂಡು ಬಾಮ್, ಮಹಾನಾರಾಯಣ ತೈಲ, ಎಲಾಸ್ಟಿಕ್ ಸಡಿಲಾದ ನೀ ಕ್ಯಾಪ್, ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ, ಯಾರೋ ಸಿಂಗಪುರದಿಂದ ತಂದುಕೊಟ್ಟ ಟೈಗರ್ ಬಾಮ್ ಇವೆ. ಒಂದೊಂದಕ್ಕೂ ಒಂದೊಂದು ದರ್ಜೆ. ಅಮೃತಾಂಜನ ದಿನಬಳಕೆಗೆ. ಟೈಗರ್ ಬಾಮ್ ನೋವು ಮಿತಿಮೀರಿದಾಗ ಮಾತ್ರ, ಅದೂ ಕಡಲೆಕಾಳಿನಷ್ಟು. "ಫಾರಿನ್ನದು, ಬೇಗ ಎಳೆಯತ್ತೆ" ಎನ್ನುತ್ತಾರೆ. ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಕರ್ಪೂರ, ಒಂದೇ ಪುದೀನಾ ಸತ್ವ ಎಂದು ನಾನು ಒಮ್ಮೆ ಹೇಳಿದೆ. "ಇರಲಿ ಬಿಡು, ನೋವಿರೋದು ನನ್ನ ಮಂಡೀಲಿ" ಎಂದರು.

ಅತ್ತೆಯ ಪಕ್ಷ ವಹಿಸುವ ಪ್ರಯೋಗವೊಂದು ಇದೆ. 2008ರಲ್ಲಿ ಅಮೆರಿಕದ ಸಂಶೋಧಕರು 82 ಜನ ಸ್ವಯಂಸೇವಕರ ಕೈಗೆ ಸಣ್ಣಗೆ ಕರೆಂಟ್ ಶಾಕ್ ಕೊಟ್ಟು, ನೋವಿನ ಹೊಸ ಗುಳಿಗೆ ಎಂದು ಒಂದನ್ನು ನುಂಗಿಸಿ, ಮತ್ತೆ ಶಾಕ್ ಕೊಟ್ಟರು. ಗುಳಿಗೆಯ ಬೆಲೆ ಎರಡೂವರೆ ಡಾಲರ್ ಎಂದು ತಿಳಿದವರಲ್ಲಿ ನೂರಕ್ಕೆ 85 ಮಂದಿ ನೋವು ಇಳಿಯಿತೆಂದರು. ಅದೇ ಗುಳಿಗೆ ಹತ್ತು ಸೆಂಟಿಗೆ ಸಿಗುತ್ತದೆ ಎಂದು ತಿಳಿದವರಲ್ಲಿ 61. ಒಳಗೆ ಔಷಧ ಇರಲೇ ಇಲ್ಲ. ಜನೌಷಧಿ ಅಂಗಡಿಯಿಂದ ತಂದ ಅಗ್ಗದ ಮಾತ್ರೆಯನ್ನು ನಮ್ಮ ಹಿರಿಯರು ತಿರುಗಿಸಿ ಮುರುಗಿಸಿ ನೋಡುವುದೇಕೆ ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ.

ಆದರೆ ಅಲ್ಲಿ ಸುಳ್ಳು ಹೇಳಿ ಕೊಟ್ಟಿದ್ದರು. ನಾನು ಹೇಳಹೊರಟದ್ದು ನಿಜ ಹೇಳಿ ಕೊಡುವ ಗುಳಿಗೆಯ ಸಮಾಚಾರ. ನನ್ನ ತಂಗಿಯ ಮಗಳು ಬಾಸ್ಟನ್ನಿನಲ್ಲಿದ್ದಾಳೆ. ಔಷಧ ಪ್ರಯೋಗಗಳ ಅಂಕಿ-ಅಂಶ ತಾಳೆ ನೋಡುವುದು ಅವಳ ಕೆಲಸ. ಭಾನುವಾರ ಬೆಳಗ್ಗೆ ವಿಡಿಯೊ ಕಾಲ್ ಮಾಡಿದಾಗ ಅತ್ತೆಯ ಮಂಡಿಯಿಂದಲೇ ಮಾತು ಶುರು.

"ಅಜ್ಜಿ, ಇಲ್ಲೊಂದು ಗುಳಿಗೆ ಕೊಟ್ಟು ನೋಡಿದಾರೆ. ಅದರಲ್ಲಿ ಔಷಧಾನೇ ಇಲ್ಲ. ಇಲ್ಲ ಅಂತ ಹೇಳೇ ಕೊಡ್ತಾರೆ. ಆದ್ರೂ ಎಷ್ಟೋ ಜನಕ್ಕೆ ನೋವು ಕಮ್ಮಿ ಆಗಿದೆ."

"ಔಷಧ ಇಲ್ಲದ ಮೇಲೆ ಇನ್ನೇನಿದೆಯೇ ಅದರಲ್ಲಿ?"

"ಸಕ್ಕರೆ ಅಂತ ಇಟ್ಕೊಳ್ಳಿ."

"ಸಕ್ಕರೆ! ನನ್ನ ಫಾಸ್ಟಿಂಗ್ ಎಷ್ಟು ಬಂದಿದೆ ಅಂತ ನಿಮ್ಮಮ್ಮನ್ನ ಕೇಳು."

ಸಕ್ಕರೆ ಎಂದದ್ದು ಮಾತಿಗೆ. ಇಂಥ ಔಷಧವಿಲ್ಲದ ಔಷಧಕ್ಕೆ ಡಾಕ್ಟರುಗಳು ಪ್ಲಸೀಬೊ ಎನ್ನುತ್ತಾರೆ. ಅವಳು ಹೇಳಿದ ಪ್ರಯೋಗ 2010ರದ್ದು. ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಟೆಡ್ ಕ್ಯಾಪ್ಚಕ್ ಎಂಬುವರು ಸಂಗಡಿಗರೊಂದಿಗೆ ಮಾಡಿದ್ದು. ಈ ಕ್ಯಾಪ್ಚಕ್ ಎಂಬಿಬಿಎಸ್ ಥರದ್ದೇನೂ ಓದಿದವರಲ್ಲ. ಮಕಾವುವಿನಲ್ಲಿ ಚೀನೀ ವೈದ್ಯ ಕಲಿತು ಬಂದು ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಮಾಡುತ್ತಿದ್ದವರು. ತಮ್ಮಿಂದ ಗುಣವಾದದ್ದು ಸೂಜಿಯಿಂದಲೋ ಮತ್ತೊಂದರಿಂದಲೋ ಎಂದು ತಾವೇ ತಲೆ ಕೆಡಿಸಿಕೊಂಡ ಅಪರೂಪದ ವೈದ್ಯ. ಅವರು ಆರಿಸಿಕೊಂಡದ್ದು ಐಬಿಎಸ್ ಕಾಯಿಲೆಯನ್ನು: ಹೊಟ್ಟೆ ನುಲಿತ, ಉಬ್ಬರ, ಒಂದು ದಿನ ಭೇದಿಯಾದರೆ ಇನ್ನೊಂದು ದಿನ ಏನೂ ಇಲ್ಲ, ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿ ಕಾಣುವುದರಿಂದ ಮನೆಯವರು ಯಾರೂ ನಂಬುವುದಿಲ್ಲ. ಅಂಥ 80 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ‘ಪ್ಲಸೀಬೊ’ ಎಂದೇ ಬರೆದ ಸೀಸೆ ಕೊಟ್ಟರು. ದಿನಕ್ಕೆರಡು ಸಲ, ಎರಡೆರಡು ಗುಳಿಗೆ. ಉಳಿದವರಿಗೆ ಅಷ್ಟೇ ಸಮಯ, ಅಷ್ಟೇ ಮಾತುಕತೆ, ಗುಳಿಗೆ ಮಾತ್ರ ಇಲ್ಲ. ಮೂರು ವಾರ ಕಳೆದ ಮೇಲೆ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 59 ಮಂದಿ ಸಾಕಷ್ಟು ವಾಸಿ ಎಂದರು, ನುಂಗದವರಲ್ಲಿ 35.

ಗುಳಿಗೆ ಕೊಡುವ ಮುನ್ನ ಅವರಿಗೆ ನಾಲ್ಕು ಮಾತು ಹೇಳಿದ್ದರು. ಪ್ಲಸೀಬೊ ಪರಿಣಾಮ ಸಣ್ಣದಲ್ಲ. ಗಂಟೆ ಹೊಡೆದರೆ ಪಾವ್ಲೊವ್‌ನ ನಾಯಿಗಳು ಜೊಲ್ಲು ಸುರಿಸಿದ ಹಾಗೆ ಮೈ ತಾನಾಗಿಯೇ ಪ್ರತಿಕ್ರಿಯಿಸಬಹುದು. ನಂಬಿಕೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಗುಳಿಗೆಯನ್ನು ಮಾತ್ರ ತಪ್ಪದೆ ತೆಗೆದುಕೊಳ್ಳಬೇಕು.

"ಇದು ವ್ರತದ ಕಟ್ಟುಪಾಡು ಇದ್ದ ಹಾಗಿದೆಯಲ್ಲೇ" ಎಂದರು ಅತ್ತೆ. ಒಂದು ಕ್ಷಣ ಯೋಚಿಸಿ, "ಆದ್ರೆ ನಂಬಿಕೆ ಇಲ್ಲದಿದ್ರೂ ಪರವಾಗಿಲ್ಲ ಅಂತ ನಮ್ಮಲ್ಲಿ ಎಲ್ಲೂ ಇಲ್ಲಪ್ಪ. ಪ್ರಸಾದ ಬಿಟ್ಟು ಓಡಿದ್ದಕ್ಕೆ ಸತ್ಯನಾರಾಯಣ ಹಡಗನ್ನೇ ಮುಳುಗಿಸಿದ" ಎಂದರು. ಹಾರ್ವರ್ಡಿನವರು ಸತ್ಯನಾರಾಯಣನಿಗಿಂತ ಉದಾರಿಗಳು ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಒಂದು ತೊಡಕು ಎದ್ದಿತು. ಒಳಗೆ ಸಕ್ಕರೆಯಿಲ್ಲ, ಮಾತ್ರೆಗೆ ಮೈ ತುಂಬಲು ಬಳಸುವ ಸಪ್ಪೆ ನಾರಿನ ಪುಡಿ ಎಂದು ಹುಡುಗಿ ಸಮಾಧಾನ ಹೇಳಿದಳು. ಅತ್ತೆ ಒಪ್ಪಿದರು. ನೀಲಿ-ಕೆಂಪು ಬಣ್ಣದ ಕ್ಯಾಪ್ಸೂಲ್ ಎಂದಳು. ಅದಕ್ಕೂ ಒಪ್ಪಿದರು. "ಮೇಲಿನ ಸಿಪ್ಪೆ ಯಾತರದ್ದು?" ಎಂದು ಕೇಳಿದರು. ಜೆಲಟಿನ್. ಜೆಲಟಿನ್ ಅಂದರೆ? ಹುಡುಗಿ ಪ್ರಾಮಾಣಿಕಳು, ದನ, ಹಂದಿಗಳ ಮೂಳೆ, ತೊಗಲು ಬೇಯಿಸಿ ತೆಗೆಯುವುದು ಎಂದುಬಿಟ್ಟಳು. "ಶಿವ ಶಿವಾ" ಎಂದು ಅತ್ತೆ ಫೋನನ್ನು ನನ್ನ ಕೈಗಿತ್ತು ಒಳಗೆ ಹೋದರು. ಏನೂ ಇಲ್ಲದ ಗುಳಿಗೆಗೆ ಅಡ್ಡಪರಿಣಾಮವೂ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ಗವಿಪುರದ ಮಡಿ ಹೆಂಗಸರನ್ನು ವಿಚಾರಿಸಿ ಹೇಳಲಿ.

ನಮ್ಮ ಎದುರುಮನೆಯ ನಿವೃತ್ತ ಗಣಿತದ ಮೇಷ್ಟ್ರಿಗೆ ಈ ಸುದ್ದಿ ಮುಟ್ಟಿಸಿದೆ. ಅವರಿಗೆ ನೂರಕ್ಕೆ ಇಷ್ಟು ಎಂದು ಹೇಳಿದರೆ ಸಾಲದು. ಯಾವ ನೂರು, ಯಾರು ಎಣಿಸಿದರು ಎಂದು ಕೇಳುವವರು. ಪ್ರಯೋಗಕ್ಕೆ ಜನ ಎಲ್ಲಿಂದ ಬಂದರು ಎಂದರು. ಮನಸ್ಸು-ದೇಹಕ್ಕೆ ಸಂಬಂಧಿಸಿದ ಹೊಸ ಚಿಕಿತ್ಸೆ ಎಂಬ ಜಾಹೀರಾತು ನೋಡಿ ಬಂದವರು ಎಂದೆ. "ನೋಡಿ! ಬರೋರೇ ಅರ್ಧ ಒಪ್ಕೊಂಡು ಬಂದಿರ್ತಾರೆ. ಇನ್ನೊಂದು, ಗುಳಿಗೆ ಸಿಗದೇ ಹೋದವನಿಗೆ ಸಿಗಲಿಲ್ಲ ಅಂತ ಗೊತ್ತಲ್ಲ? ಮುಖ ಸಣ್ಣ ಮಾಡ್ಕೊಂಡು ‘ಏನೂ ವಾಸಿ ಇಲ್ಲ’ ಅಂತಾನೆ. ಸಿಕ್ಕವನು ಪಾಪ, ಇಷ್ಟು ಒಳ್ಳೇ ಡಾಕ್ಟರಿಗೆ ಬೇಜಾರಾಗಬಾರದು ಅಂತ ‘ಪರವಾಗಿಲ್ಲ ಸಾರ್’ ಅಂತಾನೆ."

ಮೇಷ್ಟ್ರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನೋವಿಗೆ ಅಳತೆಗೋಲು ನೋವುಂಡವನ ಬಾಯಿ ಒಂದೇ. ಮರೆಮಾಚದೆ ಕೊಡುವ ಗುಳಿಗೆಯ ಪ್ರಯೋಗಗಳಲ್ಲೆಲ್ಲ ಈ ದೌರ್ಬಲ್ಯ ಇದ್ದೇ ಇದೆ, ಮಾಡಿದವರೂ ಒಪ್ಪುತ್ತಾರೆ. ಮೊದಲ ಪ್ರಯತ್ನವಂತೂ ಇನ್ನೂ ತಮಾಷೆಯದು. 1965ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲೀ ಪಾರ್ಕ್, ಲೀನೊ ಕೋವಿ ಎಂಬಿಬ್ಬರು ಆತಂಕದಿಂದ ಬಳಲುವ 15 ರೋಗಿಗಳಿಗೆ "ಇದು ಸಕ್ಕರೆ ಗುಳಿಗೆ" ಎಂದು ಹೇಳಿಯೇ ಒಂದು ವಾರಕ್ಕೆ ಕೊಟ್ಟರು. ಪೂರ್ತಿ ಮುಗಿಸಿದ 14 ಮಂದಿಯಲ್ಲಿ 13 ಜನ ಚೇತರಿಸಿಕೊಂಡರು. ವಿಚಾರಿಸಿ ನೋಡಿದರೆ ಕೆಲವರಿಗೆ ಡಾಕ್ಟರ ಮಾತಿನ ಮೇಲೆ ನಂಬಿಕೆಯೇ ಬಂದಿರಲಿಲ್ಲ; ಒಳಗೆ ನಿಜವಾದ ಔಷಧ ಇದೆ, ಏನೋ ಕಾರಣಕ್ಕೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದರು! ನಿಜ ಹೇಳಿದರೂ ನಂಬದ ಜನ ಬಾಲ್ಟಿಮೋರಿನಲ್ಲೂ ಇದ್ದಾರೆ ಎಂದು ತಿಳಿದು ನನಗೆ ಆತ್ಮೀಯತೆ ಹುಟ್ಟಿತು.

ಆದರೂ ಮೇಷ್ಟ್ರು ಪೂರ್ತಿ ಗೆಲ್ಲಲಿಲ್ಲ. 2016ರಲ್ಲಿ ಲಿಸ್ಬನ್ನಿನಲ್ಲಿ ಬಹುಕಾಲದ ಸೊಂಟನೋವಿನವರಿಗೆ, ಅವರವರ ಮಾಮೂಲು ಔಷಧ ಬಿಡಿಸದೆ, ಅದರ ಜೊತೆಗೆ ಚೀಟಿ ಅಂಟಿಸಿದ ಪ್ಲಸೀಬೊ ಕೊಟ್ಟು ಮೂರು ವಾರ ನೋಡಿದರು. ನೋವು ಸುಮಾರು ನೂರಕ್ಕೆ 30ರಷ್ಟು ಇಳಿಯಿತು, ಮಾಮೂಲು ಔಷಧ ಮಾತ್ರ ಇದ್ದವರಿಗೆ 9ರಷ್ಟು. 2021ರಲ್ಲಿ ಕ್ಯಾಪ್ಚಕ್‌ರ ತಂಡ 262 ಮಂದಿ ಐಬಿಎಸ್‌ನವರ ಮೇಲೆ ಇನ್ನೊಂದು ಪ್ರಯೋಗ ಮಾಡಿ, ಪ್ಲಸೀಬೊ ಎಂದು ಹೇಳಿ ಕೊಟ್ಟದ್ದು ಗುಟ್ಟಾಗಿ ಕೊಟ್ಟದ್ದಕ್ಕಿಂತ ಕಮ್ಮಿಯೇನೂ ಕೆಲಸ ಮಾಡಲಿಲ್ಲ ಎಂದಿತು. ಇದನ್ನು ಕೇಳಿದ ಮೇಷ್ಟ್ರು "ಹಾಗಾದ್ರೆ ಇಷ್ಟು ವರ್ಷ ಸುಳ್ಳು ಹೇಳಿದ್ದು ದಂಡ" ಎಂದು ಕನ್ನಡಕ ಒರೆಸಿಕೊಂಡರು.

ಸುಳ್ಳು ಹೇಳಿದ್ದು ದಂಡ ಎಂಬ ಈ ಮಾತು ನನ್ನನ್ನು ಹಳೆಯ ದವಾಖಾನೆಗಳ ಕಡೆಗೆ ಎಳೆಯಿತು. ನಾನು ಹುಡುಗನಾಗಿದ್ದಾಗ ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಡಾಕ್ಟರ ಹತ್ತಿರ ಹೋಗುವುದೆಂದರೆ ಮನೆಯಿಂದ ಖಾಲಿ ಶೀಶೆ ತೊಳೆದು ಒಯ್ಯುವುದು. ಕಾಂಪೌಂಡರ್ ಒಂದು ಕಿಂಡಿಯ ಹಿಂದೆ ಇರುತ್ತಿದ್ದ. ಅದರೊಳಗಿಂದ ಗಾಜಿನ ಸದ್ದು, ನೀರಿನ ಸದ್ದು. ಆಮೇಲೆ ಗುಲಾಬಿ ಬಣ್ಣದ ಮಿಕ್ಸ್ಚರ್ ತುಂಬಿದ ಶೀಶೆ ಹೊರಬರುತ್ತಿತ್ತು. ಪಕ್ಕದಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ: ಒಂದು ಹಲ್ಲಿಗೆ ಒಂದು ವೇಳೆ. "ಚೆನ್ನಾಗಿ ಅಲ್ಲಾಡಿಸಿ ಕುಡೀಬೇಕು." ಅಲ್ಲಾಡಿಸದೆ ಕುಡಿದರೆ ಜ್ವರ ಹೋಗುವುದಿಲ್ಲ ಎಂದು ನಮಗೆ ಖಾತ್ರಿ. ಅದರಲ್ಲಿ ಎಷ್ಟೋ ಸಲ ಜೀರ್ಣಕ್ಕೆ ಕೊಡುವ ಸಾಧಾರಣ ಕಷಾಯಕ್ಕಿಂತ ಹೆಚ್ಚಿನದೇನೂ ಇರುತ್ತಿರಲಿಲ್ಲ ಎಂದು ದೊಡ್ಡವನಾದ ಮೇಲೆ ವೈದ್ಯ ಮಿತ್ರರು ಹೇಳಿದರು. ಇನ್ನು ಹಳ್ಳಿ ಕಡೆಯಿಂದ ಬಂದವರು ಇಂಜೆಕ್ಷನ್ ಕೊಡದ ಡಾಕ್ಟರನ್ನು ಡಾಕ್ಟರೆಂದೇ ಲೆಕ್ಕ ಹಾಕುತ್ತಿರಲಿಲ್ಲ. ಆ ಒತ್ತಾಯಕ್ಕೆ ಎಷ್ಟು ಸಿರಿಂಜು ಬಟ್ಟಿ ನೀರು ಎಷ್ಟು ತೋಳುಗಳಿಗೆ ಹೋಯಿತೋ.

ಈ ನಗರದಲ್ಲಿ ನಗುವನ್ನೂ ಔಷಧದ ಪಕ್ಕದಲ್ಲೇ ಇಟ್ಟಿದ್ದ ಡಾಕ್ಟರೊಬ್ಬರಿದ್ದರು. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ. ರೋಗಿಗಳನ್ನು ನೋಡುತ್ತಲೇ 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆ ಆರಂಭಿಸಿದರು. ಅದು 1967ರವರೆಗೆ ಬಂತು. ಮನಸ್ಸಿನ ಸಂಗತಿ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಮಿಕ್ಸ್ಚರ್, ಮನಸ್ಸು, ಹಾಸ್ಯ ಮೂರನ್ನೂ ಒಂದೇ ಕೈ ನಿಭಾಯಿಸಿದ್ದನ್ನು ನೆನೆದಾಗ, ಗೊತ್ತಿದ್ದೂ ಕೆಲಸ ಮಾಡುವ ಗುಳಿಗೆಯ ಬಗ್ಗೆ ‘ಕೊರವಂಜಿ’ ಏನು ಬರೆಯುತ್ತಿತ್ತೋ ಎಂದು ಆಸೆಯಾಗುತ್ತದೆ.

ಗುಲಾಬಿ ಮಿಕ್ಸ್ಚರಿನ ಡಾಕ್ಟರುಗಳನ್ನು ನಾನು ದೂರುವುದಿಲ್ಲ. ರೋಗಿಗೆ ಬೇಕಾದದ್ದು ಸಮಾಧಾನ, ಅದನ್ನು ಅವರು ಬಣ್ಣ ಹಾಕಿ ಕೊಟ್ಟರು. ಆದರೆ ಸುಳ್ಳಿಗೆ ಒಂದು ಖರ್ಚಿದೆ: ಒಂದು ದಿನ ಗೊತ್ತಾದರೆ ಅದೇ ಡಾಕ್ಟರು ಬರೆದ ನಿಜವಾದ ಮಾತ್ರೆಯ ಮೇಲೂ ಅನುಮಾನ ಬರುತ್ತದೆ. ನಿಜ ಹೇಳಿಯೂ ಅಷ್ಟೇ ಸಮಾಧಾನ ಸಿಗುವುದಾದರೆ ನನ್ನ ಓಟು ಚೀಟಿ ಅಂಟಿಸಿದ ಸೀಸೆಗೆ. (ಹೋಮಿಯೋಪತಿ ಯಾವ ಕಡೆ ಸೇರುತ್ತದೆ ಎಂದು ಕೇಳಬೇಡಿ. ನಮ್ಮ ಭಾವ ಆ ಬಿಳಿ ಗುಂಡುಗಳ ಭಕ್ತರು, ಹಬ್ಬಕ್ಕೆ ಊಟಕ್ಕೆ ಬರುತ್ತಾರೆ.)

ಹಾಗಾದರೆ ನೋವು ಬರೀ ಕಲ್ಪನೆಯೇ ಎಂದು ಕೇಳಿದರೆ ಅತ್ತೆ ಊರುಗೋಲು ಎತ್ತುತ್ತಾರೆ. ಎತ್ತಬೇಕಾದ್ದೇ. 1978ರಲ್ಲಿ ಕ್ಯಾಲಿಫೋರ್ನಿಯಾದ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು ದವಡೆಹಲ್ಲು ಕೀಳಿಸಿಕೊಂಡವರಿಗೆ ಪ್ಲಸೀಬೊ ಕೊಟ್ಟು ನೋಡಿದರು. ಕೆಲವರಿಗೆ ನೋವು ಇಳಿಯಿತು. ಆಮೇಲೆ ನಲೋಕ್ಸೋನ್ ಕೊಟ್ಟರು. ಅಫೀಮಿನ ಜಾತಿಯ ನೋವುನಿವಾರಕಗಳ ಕೆಲಸಕ್ಕೆ ತಡೆ ಹಾಕುವ ಮದ್ದು ಅದು. ಇಳಿದಿದ್ದ ನೋವು ಮತ್ತೆ ಏರಿತು. ಅಂದರೆ ಏನೂ ಇಲ್ಲದ ಔಷಧ ಕೊಟ್ಟಾಗ ಮೈಯೊಳಗೆ ಏನೋ ಒಂದು ನಿಜವಾಗಿಯೇ ಒಸರಿತ್ತು. ನೋವು ಮಂಡಿಯಿಂದ ಹೊರಟರೂ ಅದಕ್ಕೆ ಎಷ್ಟು ಮರ್ಯಾದೆ ಕೊಡಬೇಕು ಎಂದು ನಿರ್ಧಾರವಾಗುವುದು ತಲೆಯಲ್ಲಿ. ಆ ನಿರ್ಧಾರ ಮಾಡುವಾಗ ತಲೆ ಸುತ್ತಮುತ್ತ ನೋಡುತ್ತದೆ: ಯಾರಿದ್ದಾರೆ, ಏನು ಹೇಳುತ್ತಿದ್ದಾರೆ, ಕೈಯಲ್ಲೇನಿದೆ. ಬುದ್ಧಿಗೆ "ಇದರಲ್ಲಿ ಏನೂ ಇಲ್ಲ" ಎಂದು ಗೊತ್ತಿದ್ದರೂ, ಜೀವಮಾನವಿಡೀ ಗುಳಿಗೆ ನುಂಗಿ ವಾಸಿಯಾದ ಮೈಗೆ ಅದರದೇ ಅಭ್ಯಾಸ ಇರಬಹುದು.

ಇದರ ಮಗ್ಗುಲು ಬದಲಿಸಿ ನೋಡಿದವರೂ ಇದ್ದಾರೆ. ಇಟಲಿಯ ಟ್ಯೂರಿನ್‌ನಲ್ಲಿ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಮತ್ತು ಸಂಗಡಿಗರು ಆಪರೇಷನ್ ಆದವರಿಗೆ ನಿಜವಾದ ನೋವುನಿವಾರಕವನ್ನೇ ಎರಡು ರೀತಿಯಲ್ಲಿ ಕೊಟ್ಟರು. ಕೆಲವರಿಗೆ ಡಾಕ್ಟರು ಹಾಸಿಗೆಯ ಪಕ್ಕ ನಿಂತು "ಈಗ ಔಷಧ ಕೊಡುತ್ತಿದ್ದೇನೆ" ಎಂದು ಹೇಳಿ. ಕೆಲವರಿಗೆ ಯಂತ್ರದ ಮೂಲಕ, ಯಾವಾಗ ಹೋಯಿತೆಂದು ತಿಳಿಯದ ಹಾಗೆ. ಗುಟ್ಟಾಗಿ ಹೋದ ಔಷಧ ಅಷ್ಟು ಕೆಲಸ ಮಾಡಲಿಲ್ಲ. ಅಷ್ಟೇ ಉಪಶಮನಕ್ಕೆ ಹೆಚ್ಚು ಪ್ರಮಾಣ ಬೇಕಾಯಿತು.

ಇಷ್ಟಕ್ಕೇ ಹಿಗ್ಗಿ ಬಿಪಿ ಮಾತ್ರೆ ಬಿಡುವವರಿಗೆ 2011ರ ಇನ್ನೊಂದು ಪ್ರಯೋಗ ಹೇಳಬೇಕು. ಇದೂ ಬಾಸ್ಟನ್ನಿನದೇ, ಕ್ಯಾಪ್ಚಕ್ ಇದ್ದ ತಂಡದ್ದೇ. ಆಸ್ತಮಾದವರಿಗೆ ಒಂದು ಸಲ ನಿಜವಾದ ಇನ್ಹೇಲರ್, ಒಂದು ಸಲ ಹುಸಿ ಇನ್ಹೇಲರ್, ಒಂದು ಸಲ ಹುಸಿ ಅಕ್ಯುಪಂಕ್ಚರ್. ಹೇಗಿದೆ ಎಂದು ಕೇಳಿದರೆ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಉತ್ತರ: ಹಾಯೆನಿಸಿತು. ಶ್ವಾಸಕೋಶದಿಂದ ಗಾಳಿ ಎಷ್ಟು ಹೊರಡುತ್ತದೆ ಎಂದು ಯಂತ್ರವಿಟ್ಟು ಅಳೆದರೆ ನಿಜವಾದ ಔಷಧಕ್ಕೆ ನೂರಕ್ಕೆ 20ರಷ್ಟು ಸುಧಾರಣೆ, ಉಳಿದವಕ್ಕೆ 7ರ ಸುಮಾರು. ಏನೂ ಕೊಡದೆ ಬಿಟ್ಟಾಗಲೂ ಅಷ್ಟೇ. ಬೆಂಗಳೂರಿನ ಧೂಳಿನಲ್ಲಿ ಇನ್ಹೇಲರ್ ಹಿಡಿದು ಓಡಾಡುವವರು ಹಾಯೆನಿಸಿದ್ದನ್ನೇ ನೆಚ್ಚಿಕೊಂಡರೆ ಅಪಾಯ. ಸಂಧಿ ಸವೆದದ್ದು, ಸಕ್ಕರೆ ಏರಿದ್ದು, ಗಡ್ಡೆ ಬೆಳೆದದ್ದು ಯಾವುದೂ ಚೀಟಿ ಅಂಟಿಸಿದ ಸೀಸೆಯ ಮಾತು ಕೇಳುವುದಿಲ್ಲ. ಕೇಳುವುದು ನೋವು, ಓಕರಿಕೆ, ದಣಿವು, ಇಂಥವು; ಅವೂ ಪೂರ್ತಿಯಾಗಿ ಅಲ್ಲ.

ನಮ್ಮ ಗವಿ ದೇವಸ್ಥಾನದಲ್ಲಿ ಅಗ್ನಿಯ ಒಂದು ಅಪರೂಪದ ವಿಗ್ರಹ ಇದೆ: ಎರಡು ತಲೆ, ಏಳು ಕೈ, ಮೂರು ಕಾಲು. ಅದಕ್ಕೆ ನಡೆದುಕೊಂಡರೆ ಕಣ್ಣಿನ ದೋಷ ಹೋಗುತ್ತದೆ ಎಂಬ ನಂಬಿಕೆ. ಅತ್ತೆಯೂ ನಡೆದುಕೊಂಡರು, ಪೊರೆ ಬಂದಾಗ ಆಪರೇಷನ್ನನ್ನೂ ಮಾಡಿಸಿಕೊಂಡರು. ಯಾವುದರಿಂದ ಕಣ್ಣು ಬಂತು ಎಂದು ಕೇಳುವ ಅಧಿಕಪ್ರಸಂಗ ಮಾಡಿದೆ. "ಆಪರೇಷನ್ನಿಂದ ಕಣ್ಣು ಬಂತು, ಅಗ್ನಿಯಿಂದ ಆಪರೇಷನ್ನಿಗೆ ಧೈರ್ಯ ಬಂತು. ದೇವರನ್ನ ಮಾತ್ರ ನಿನ್ನ ಗುಳಿಗೆ ಪಟ್ಟಿಗೆ ಸೇರಿಸಬೇಡ" ಎಂದರು. ಸೇರಿಸಿಲ್ಲ.

ಆದರೆ ಸಂಕ್ರಾಂತಿಯನ್ನು ಬಿಡಲಾರೆ. ಮಕರ ಸಂಕ್ರಾಂತಿಯ ಸಂಜೆ ಮುಳುಗುವ ಸೂರ್ಯನ ಕಿರಣ ಪಶ್ಚಿಮದ ಕಿಂಡಿಯಿಂದ ನುಗ್ಗಿ, ನಂದಿಯ ಕೊಂಬುಗಳ ನಡುವೆ ಹಾದು, ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಅದನ್ನು ನೋಡಲು ಊರಿಗೆ ಊರೇ ಬರುತ್ತದೆ, ಟಿವಿಯವರು ಬರುತ್ತಾರೆ. ಇದು ಪವಾಡವಲ್ಲ, ಕಟ್ಟಿದವರ ಲೆಕ್ಕಾಚಾರ ಎಂದು ಸಾಲಿನಲ್ಲಿ ನಿಂತ ಎಲ್ಲರಿಗೂ ಗೊತ್ತು. ನೆಹರೂ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರಂಥ ಖಗೋಳಜ್ಞರು ಅದರ ಕೋನಗಳನ್ನು ಲೆಕ್ಕ ಹಾಕಿ ಬರೆದಿದ್ದಾರೆ. ಬರೆದದ್ದರಿಂದ ಸಾಲೇನೂ ಮೊಟಕಾಗಿಲ್ಲ. ಅತ್ತೆಯೂ ಪ್ರತಿ ವರ್ಷ ಆ ಸಾಲಿನಲ್ಲಿರುತ್ತಾರೆ. ಮುಂದಿದ್ದವರಿಗೆ ಎಳ್ಳು-ಬೆಲ್ಲ ಕೊಟ್ಟು, ಹಿಂದಿದ್ದವರ ಸೊಸೆಯಂದಿರನ್ನು ವಿಚಾರಿಸಿಕೊಂಡು, ಗಂಟೆಗಟ್ಟಲೆ. ಆ ದಿನ ಮಂಡಿಯ ಸುದ್ದಿಯೇ ಇಲ್ಲ.

ಮೇಷ್ಟ್ರು ಹೇಳಿದ ಲೆಕ್ಕ ಇದು: ಡಿಸೆಂಬರ್ ಸಂಕ್ರಮಣದ ಆಚೆ ಸೂರ್ಯ ಯಾವ ದಾರಿಯಲ್ಲಿ ವಾಪಸು ಬರುತ್ತಾನೋ ಅದೇ ದಾರಿಯಲ್ಲಿ ಈಚೆ ಹೋಗಿರುತ್ತಾನೆ. ಜನವರಿ 14ಕ್ಕೆ ಬರುವ ಬೆಳಕು ನವೆಂಬರ್ 28ರ ಆಸುಪಾಸಿನಲ್ಲೂ ಅದೇ ಕಿಂಡಿಯಿಂದ, ಅದೇ ಕೊಂಬುಗಳ ನಡುವೆ ಬರಬೇಕು, ಬರುತ್ತದೆ. ಕಿರಣ ಅದೇ, ಲಿಂಗ ಅದೇ. ಸಾಲಿಲ್ಲ, ನೂಕುನುಗ್ಗಲಿಲ್ಲ. ಟ್ಯೂರಿನ್ನಿನ ಯಂತ್ರದಿಂದ ಬಂದ ಔಷಧದ ಥರ ಯಾರಿಗೂ ಹೇಳದೆ ಬಂದು ಹೋಗುತ್ತದೆ. ನನಗಂತೂ ಭಾರೀ ಉಪಾಯ ಹೊಳೆದಂತಾಯಿತು.

"ಅತ್ತೆ, ಈ ಸಲ ನವೆಂಬರಲ್ಲೇ ಹೋಗಿ ನೋಡ್ಕೊಂಡು ಬರೋಣ. ನಿಲ್ಲೋ ಕಷ್ಟ ಇರಲ್ಲ, ಮಂಡಿಗೂ ಆರಾಮ."

"ಅವತ್ತು ಯಾರು ಬರ್ತಾರೆ?"

"ಯಾರೂ ಬರಲ್ಲ. ಅದಕ್ಕೇ ಹೇಳಿದ್ದು."

ಅತ್ತೆ ಡಬ್ಬಿಯಿಂದ ಅಮೃತಾಂಜನ ತೆಗೆದು ಮುಚ್ಚಳ ತಿರುಗಿಸಿದರು. "ಯಾರೂ ಇಲ್ಲದ ದಿವಸ ಅಷ್ಟು ಮೆಟ್ಟಿಲು ಇಳಿಯೋದು ನನ್ನ ಕೈಲಾಗಲ್ಲ ಕಣೋ. ಮಂಡಿನೋವು. ಸಂಕ್ರಾಂತಿಗೇ ಕರ್ಕೊಂಡು ಹೋಗು."